ಡುರಿಯನ್ ತಿನ್ನೋಕೆ ತೋಟಕ್ಕೇ ಹೋಗಬೇಕಾ?

ಪ್ರಶ್ನೆ: ಜೂನ್ ಕೊನೆಯಲ್ಲಿ ನಾವು ನಾಲ್ವರು ಮಲೇಷ್ಯಾದ ಪೆನಾಂಗ್‌ಗೆ ಹೋಗುತ್ತಿದ್ದೇವೆ. ಬೆಂಗಳೂರಿನಲ್ಲಿ ಒಮ್ಮೆ ಪ್ಯಾಕೆಟ್‌ನಲ್ಲಿ ಬರುವ ಡುರಿಯನ್ ಹಣ್ಣು ತಂದಿದ್ದೆವು. ಯಾರಿಗೂ ಹಿಡಿಸಲಿಲ್ಲ, ಫ್ರಿಜ್ ಮಾತ್ರ ವಾರಗಟ್ಟಲೆ ನಾರುತ್ತಿತ್ತು. ತೋಟದಲ್ಲಿ ತಾಜಾ ತಿಂದರೆ ಅದರ ರುಚಿಯೇ ಬೇರೆ ಅಂತಾರೆ. ನಿಜವಾ? ಎಲ್ಲಿಗೆ ಹೋಗಬೇಕು, ಮುಸಾಂಗ್ ಕಿಂಗ್ ತಳಿಯನ್ನೇ ಕೇಳಬೇಕಾ? ತಾಯಿಗೆ 68 ವರ್ಷ, ಶುಗರ್, ಬಿಪಿ ಎರಡೂ ಇದೆ. ಮಗನಿಗೆ 10. ಇನ್ನೊಂದು, ಅಲ್ಲಿಂದ ಬೀಜ ತಂದು ಸಕಲೇಶಪುರದ ನಮ್ಮ ತೋಟದಲ್ಲಿ ಹಾಕಬಹುದಾ?

ಉತ್ತರ: ಬೇರೆಯೇ, ಅನುಮಾನ ಬೇಡ. ಆದರೆ ಯಾಕೆ ಬೇರೆ ಅಂತ ಗೊತ್ತಿದ್ದರೆ ತೋಟದಲ್ಲಿ ದುಡ್ಡು ದಂಡ ಆಗುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ಬೆಂಗಳೂರಿನಲ್ಲಿ ತಿಂದದ್ದು ಬಹುಶಃ ಥಾಯ್ಲೆಂಡಿನ ಮೊನ್‌ಥಾಂಗ್ ತಳಿ. ಹೊರದೇಶಗಳಿಗೆ ಹೋಗುವ ಥಾಯ್ ಹಣ್ಣಿನಲ್ಲಿ ಅದೇ ಜಾಸ್ತಿ. ಅಲ್ಲಿಯವರು ಹಣ್ಣು ತಾನಾಗಿ ಬೀಳುವವರೆಗೆ ಕಾಯುವುದಿಲ್ಲ. ಕಾಯಿ ಬಲಿತಿದೆ ಅನಿಸಿದಾಗ ಒಬ್ಬ ಮರ ಹತ್ತಿ ತೊಟ್ಟು ಕೊಯ್ದು ಬಿಡುತ್ತಾನೆ, ಕೆಳಗೆ ನಿಂತವನು ಗೋಣಿಚೀಲ ಬೀಸಿ ಅದನ್ನು ಹಿಡಿಯುತ್ತಾನೆ. ನೋಡೋಕೆ ಸರ್ಕಸ್ಸೇ. ಆಮೇಲೆ ಕಾಯಿ ದಾರಿಯಲ್ಲೋ ಗೋದಾಮಿನಲ್ಲೋ ಹಣ್ಣಾಗುತ್ತದೆ. ದೂರದ ಊರಿಗೆ ಕಳಿಸಬೇಕಾದರೆ ಇದೇ ಸರಿಯಾದ ಕ್ರಮ. ತೊಳೆ ಗಟ್ಟಿಯಾಗಿರುತ್ತದೆ, ಸಿಹಿ ಇರುತ್ತದೆ, ವಾಸನೆಯೂ ಕಮ್ಮಿ. ಥಾಯ್ಲೆಂಡಿನ ಜನ ಇಷ್ಟಪಟ್ಟು ತಿನ್ನುವುದೂ ಹಾಗಿರುವ ಹಣ್ಣನ್ನೇ. ಅದನ್ನೇ ಫ್ರೀಜ್ ಮಾಡಿ, ಕರಗಿಸಿ, ಪ್ಲಾಸ್ಟಿಕ್ ಸುತ್ತಿ, ಇಲ್ಲಿಯ ಶೆಲ್ಫಿನಲ್ಲಿ ದಿನಗಟ್ಟಲೆ ಇಟ್ಟರೆ ರುಚಿ ಸತ್ತು ಬರೀ ವಾಸನೆ ಉಳಿಯುತ್ತದೆ. ನಿಮ್ಮ ಫ್ರಿಜ್‌ನಲ್ಲಿ ಆದದ್ದು ಅದೇ.

ಮಲೇಷ್ಯಾದವರು ಹಾಗಲ್ಲ. ಮರದ ಮೇಲೇ ಪೂರ್ತಿ ಹಣ್ಣಾಗಿ, ತೊಟ್ಟು ತಾನಾಗಿ ಕಳಚಿ, ದೊಪ್ಪನೆ ಬೀಳಬೇಕು. ಬಿದ್ದಿದ್ದೇ ಹಣ್ಣು. ಬೀಳುವುದು ಜಾಸ್ತಿ ರಾತ್ರಿ ಮತ್ತು ಬೆಳಗಿನ ಜಾವ. ಅದಕ್ಕೇ ತೋಟಗಳಲ್ಲಿ ಮರದಿಂದ ಮರಕ್ಕೆ, ನೆಲದಿಂದ ಸ್ವಲ್ಪ ಎತ್ತರದಲ್ಲಿ ಬಲೆ ಕಟ್ಟಿರುತ್ತಾರೆ. ಗುಡ್ಡದ ಇಳಿಜಾರಿನಲ್ಲಿ ಹಣ್ಣು ಉರುಳಿಹೋಗಬಾರದು, ಸಿಪ್ಪೆ ಒಡೆಯಬಾರದು, ಇರುವೆ ಹತ್ತಬಾರದು. ಬೆಳಕು ಹರಿಯುತ್ತಿದ್ದಂತೆ ಬುಟ್ಟಿ ಹೊತ್ತು ಬಲೆಯಿಂದ ಆರಿಸಿ ತರುತ್ತಾರೆ. ಗಡಿಯಾರ ಓಡೋಕೆ ಶುರುವಾಗುವುದು ಅಲ್ಲಿಂದ. ಹೀಗೆ ಬಿದ್ದ ಹಣ್ಣಿನ ಒಳ್ಳೆಯ ಕಾಲ ಹೆಚ್ಚೆಂದರೆ ಒಂದು ದಿನ. ಆಮೇಲೆ ಸಿಪ್ಪೆ ಸೀಳು ಬಿಡುತ್ತದೆ, ಒಳಗೆ ಗಾಳಿ ಹೋಗುತ್ತದೆ, ತೊಳೆ ಮೆತ್ತಗಾಗಿ ಹುಳಿಯೋಕೆ ಶುರುವಾಗುತ್ತದೆ. ರುಚಿಯ ಪದರಗಳೆಲ್ಲ ಕಲಸಿಹೋಗಿ ಬರೀ ಸಿಹಿ ಮತ್ತು ಗಬ್ಬು ಉಳಿಯುತ್ತದೆ.

ಆದ್ದರಿಂದ ನನ್ನ ಮುಖ್ಯ ಸಲಹೆ ಇಷ್ಟೇ. ತೋಟಕ್ಕೆ ಹೋದಾಗ ‘ಮುಸಾಂಗ್ ಕಿಂಗ್ ಇದೆಯಾ’ ಅಂತ ಮೊದಲು ಕೇಳಬೇಡಿ. ‘ಯಾವಾಗ ಬಿದ್ದಿದ್ದು’ ಅಂತ ಕೇಳಿ. ಮಲಯ್ ಭಾಷೆಯಲ್ಲಿ ‘ಬಿಲಾ ಜಾತುಹ್?’ ಅಂದರೆ ಸಾಕು. ‘ಪಾಗಿ ಇನಿ’ ಅಂದರೆ ಇವತ್ತು ಬೆಳಿಗ್ಗೆ. ‘ಸೆಮಾಲಂ’ ಅಂದರೆ ನಿನ್ನೆ ಅಥವಾ ನಿನ್ನೆ ರಾತ್ರಿ, ರಾತ್ರಿಯದಾದರೆ ಅದೂ ನಡೆಯುತ್ತದೆ. ಇದಕ್ಕಿಂತ ಹಳೆಯದಾದರೆ ಎಷ್ಟು ದೊಡ್ಡ ಹೆಸರಿನ ತಳಿಯಾದರೂ ಬಿಟ್ಟುಬಿಡಿ. ಬೆಳಿಗ್ಗೆ ಬಿದ್ದ ಹೆಸರಿಲ್ಲದ ಹಳ್ಳಿ ಹಣ್ಣು ಮೊನ್ನೆ ಬಿದ್ದ ಮುಸಾಂಗ್ ಕಿಂಗ್‌ಗಿಂತ ಎಷ್ಟೋ ಮೇಲು. ನಮ್ಮ ಮನೆ ಹಿತ್ತಲಿನ ಹಲಸು ತಿಂದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪೆನಾಂಗ್ ದ್ವೀಪದಲ್ಲಿ ಡುರಿಯನ್ ಅಂದರೆ ಬಾಲಿಕ್ ಪುಲಾವ್. ಪೆನಾಂಗ್‌ನ ಮುಖ್ಯ ನಗರ ಜಾರ್ಜ್ ಟೌನ್ ಇರುವುದು ದ್ವೀಪದ ಪೂರ್ವಕ್ಕೆ. ನಡುವಿನ ಗುಡ್ಡ ದಾಟಿ ಪಶ್ಚಿಮಕ್ಕೆ ಇಳಿದರೆ ಬಾಲಿಕ್ ಪುಲಾವ್. ತೋಟಗಳೆಲ್ಲ ಅದರ ಸುತ್ತಲಿನ ಇಳಿಜಾರಿನಲ್ಲಿವೆ. ಪೇಟೆಯವರೆಗೆ ಬಸ್ ಇದೆ, ಆದರೆ ತೋಟದವರೆಗೆ ಇಲ್ಲ. ಕೆಲವು ತೋಟಗಳ ದಾರಿ ಎಷ್ಟು ಕಡಿದಾಗಿದೆ ಅಂದರೆ ಅವರೇ ಜೀಪ್ ಕಳಿಸಿ ಹತ್ತಿಸುತ್ತಾರೆ. ತಾಯಿಯವರು ಜೊತೆಗಿರುವುದರಿಂದ ಬುಕ್ ಮಾಡುವಾಗಲೇ ‘ಗಾಡಿ ಎಲ್ಲಿಯವರೆಗೆ ಬರುತ್ತೆ, ಎಷ್ಟು ಮೆಟ್ಟಿಲು ಹತ್ತಬೇಕು’ ಅಂತ ಕೇಳಿಕೊಳ್ಳಿ. ಉತ್ತರದ ತೆಲುಕ್ ಬಹಾಂಗ್ ಕಡೆ ಎಲ್ಲ ಬಗೆಯ ಹಣ್ಣಿನ ಗಿಡ ತೋರಿಸುವ ತೋಟವೂ ಇದೆ. ರಂಬುಟಾನ್, ನಕ್ಷತ್ರ ಹಣ್ಣು, ಡ್ರ್ಯಾಗನ್ ಫ್ರೂಟ್ ಎಲ್ಲ ಒಂದೇ ಕಡೆ ನೋಡಬಹುದು, ಮಕ್ಕಳಿಗೆ ಖುಷಿಯಾಗುತ್ತದೆ. ಡುರಿಯನ್ ಒಂದೇ ಉದ್ದೇಶವಾದರೆ ಮಾತ್ರ ಬಾಲಿಕ್ ಪುಲಾವ್ ಕಡೆಗೇ ಹೋಗಿ.

ಜೂನ್ ಕೊನೆ ಒಳ್ಳೆಯ ಆಯ್ಕೆ. ಪೆನಾಂಗ್‌ನಲ್ಲಿ ಹಣ್ಣು ಸುಮಾರಾಗಿ ಮೇ ತಿಂಗಳಿಂದ ಆಗಸ್ಟ್‌ವರೆಗೆ, ಜೂನ್‌–ಜುಲೈನಲ್ಲಿ ಭರ್ತಿ. ಆದರೆ ಡುರಿಯನ್‌ಗೆ ಕ್ಯಾಲೆಂಡರ್ ಅಷ್ಟೊಂದು ಗೊತ್ತಿಲ್ಲ. ಕೆಲವು ವಾರ ಮಳೆ ಬಿಟ್ಟು ಒಣಗಿದರೆ ಮರ ಹೂ ಬಿಡುತ್ತದೆ. ಹೂವಿನಿಂದ ಹಣ್ಣಿಗೆ ಮೂರರಿಂದ ನಾಲ್ಕು ತಿಂಗಳು. ವರ್ಷದ ಮೊದಲಿಗೆ ಮಳೆ ಬಿಡದೆ ಹೊಯ್ದರೆ ಸೀಸನ್ನೇ ಹಿಂದೆ ಹೋಗುತ್ತದೆ ಅಥವಾ ಸೊರಗುತ್ತದೆ. ಹೊರಡುವ ಒಂದು ವಾರ ಮೊದಲು ತೋಟಕ್ಕೆ ಮೆಸೇಜ್ ಮಾಡಿ, ಹಣ್ಣು ಬೀಳುತ್ತಿದೆಯಾ ಅಂತ ಕೇಳಿ. ಅಲ್ಲಿ ಹೋದ ಮೇಲೆ ಜೋರು ಮಳೆ ಬಂದರೆ ಮಾರನೆಯ ದಿನವೇ ಓಡಬೇಡಿ. ನೀರು ಕುಡಿದ ಹಣ್ಣು ಸಪ್ಪೆ. ಒಂದೆರಡು ದಿನ ಬಿಸಿಲು ಬೀಳಲಿ, ಆಮೇಲೆ ಹೋಗಿ.

ಹೋಗುವುದಾದರೆ ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಹಣ್ಣೆಲ್ಲ ವ್ಯಾಪಾರಿಗಳ ವ್ಯಾನ್ ಹತ್ತಿಬಿಟ್ಟಿರುತ್ತದೆ. ತಿಂಡಿ ಹಗುರವಾಗಿರಲಿ. ‘ಹಸಿದು ಹಲಸು, ಉಂಡು ಮಾವು’ ಅಂತ ನಮ್ಮ ಹಿರಿಯರು ಹೇಳಿದ್ದು ಡುರಿಯನ್‌ಗೂ ಚೆನ್ನಾಗಿ ಹೊಂದುತ್ತದೆ. ಹೋಟೆಲಿನ ಬಫೆ ಹೊಡೆದು ಹೋದರೆ ಎರಡು ತೊಳೆಗೇ ಸಾಕಾಗಿಬಿಡುತ್ತದೆ.

ಮರದ ಕೆಳಗೆ ಸುಮ್ನೆ ಅಡ್ಡಾಡಬೇಡಿ. ಮರ ಮೂವತ್ತು ಮೀಟರ್ ಎತ್ತರ ಇರಬಹುದು, ಹಣ್ಣು ಒಂದರಿಂದ ಮೂರು ಕೆ.ಜಿ., ಮೈ ತುಂಬ ಚೂಪು ಮುಳ್ಳು. ತೋಟದವರು ಹೆಲ್ಮೆಟ್ ಕೊಟ್ಟರೆ ಫೋಟೋಗೆ ಚೆನ್ನಾಗಿ ಕಾಣಲ್ಲ ಅಂತ ಮಗ ತೆಗೆಯದಂತೆ ನೋಡಿಕೊಳ್ಳಿ.

ಇನ್ನು ಹಣ್ಣು ಬಿಡಿಸುವುದು. ಇದನ್ನು ಹತ್ತಿರದಿಂದ ನೋಡಬೇಕು. ತೋಟದವನು ದಪ್ಪ ಕೈಗವಸು ಹಾಕಿದ ಎಡಗೈಯಲ್ಲಿ ಹಣ್ಣನ್ನು ತಲೆಕೆಳಗು ಮಾಡಿ ಹಿಡಿಯುತ್ತಾನೆ. ತೊಟ್ಟಿನ ಎದುರು ತುದಿಯಲ್ಲಿ, ಮುಳ್ಳುಗಳ ನಡುವೆ, ಐದು ತೆಳು ಗೆರೆ ಬಂದು ಸೇರುತ್ತವೆ. ಸಿಪ್ಪೆಗೆ ಇರುವ ಹೊಲಿಗೆಯೇ ಅದು. ಗೆರೆಗಳು ಸೇರುವ ಜಾಗಕ್ಕೆ ಕತ್ತಿಯ ತುದಿ ಒಂದು ಅಂಗುಲ ಇಳಿಸಿ ತಿರುಚುತ್ತಾನೆ. ‘ಟಕ್’ ಅಂತ ಶಬ್ದ. ಆಮೇಲೆ ಎರಡೂ ಕೈ ಹಾಕಿ ಅಗಲಿಸಿದರೆ ಹಣ್ಣು ಗೆರೆಗೆ ಸರಿಯಾಗಿ ಸೀಳುತ್ತದೆ, ಎಲ್ಲೂ ಕಡಿಯಬೇಕಾಗಿಲ್ಲ. ಮೇಣ ಇಲ್ಲ, ಎಣ್ಣೆ ಹಚ್ಚುವ ಕೆಲಸವೂ ಇಲ್ಲ. ಒಳಗೆ ಬೆಳ್ಳಗಿನ ಐದು ಮನೆ. ಪ್ರತಿ ಮನೆಯಲ್ಲೂ ಒಂದಕ್ಕೊಂದು ಅಂಟಿಕೊಂಡು ಮಲಗಿದ ಎರಡು ಮೂರು ತೊಳೆ. ಒಂದನ್ನು ಬೆರಳಲ್ಲಿ ಒತ್ತಿ ನೋಡಿ. ಮೇಲೆ ತೆಳುವಾದ, ಸ್ವಲ್ಪ ಸುಕ್ಕುಗಟ್ಟಿದ ಪೊರೆ, ಬೆರಳಿಗೆ ಅಂಟುವುದಿಲ್ಲ. ಅದರ ಒಳಗೆ ಆಗಷ್ಟೇ ಬಾಣಲೆಯಿಂದ ಇಳಿಸಿದ ಖೋವಾದಂಥ ತಿರುಳು. ಪೊರೆ ಗಟ್ಟಿಯಾಗಿದ್ದು ಒಳಗೆ ಮೆತ್ತಗಿದ್ದರೆ ಹಣ್ಣು ತಾಜಾ. ಪೊರೆಯೇ ಒದ್ದೆಯಾಗಿ ಜಾರುತ್ತಿದ್ದರೆ ತಡವಾಗಿದೆ ಅಂತ ಲೆಕ್ಕ.

ಮೊದಲ ತುತ್ತಿನಲ್ಲಿ ಸಿಹಿ, ಹಿಂದೆಯೇ ಕೆನೆಯ ಜಿಡ್ಡು, ಆಮೇಲೆ ಹುರಿದ ಈರುಳ್ಳಿಯ ಒಂದು ಸುಳಿವು, ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಕಹಿ. ಬಹಳ ತಾಜಾ ಹಣ್ಣಾದರೆ ನಾಲಿಗೆ ಸ್ವಲ್ಪ ಜುಮ್ಮೆನ್ನುತ್ತದೆ. ಪೆನಾಂಗ್‌ನ ಡುರಿಯನ್ ಹುಚ್ಚರು ಅದಕ್ಕಾಗಿಯೇ ಬೆಳಿಗ್ಗೆ ಗುಡ್ಡ ಹತ್ತುವುದು.

ವಾಸನೆಯ ವಿಷಯ. ಹೌದು, ಇದೆ. ಆದರೆ ಬಯಲಲ್ಲಿ, ಗಾಳಿ ಆಡುವ ತೋಟದಲ್ಲಿ, ಆಗಷ್ಟೇ ಬಿಡಿಸಿದ ಹಣ್ಣಿನ ವಾಸನೆಗೂ ಮುಚ್ಚಿದ ಫ್ರಿಜ್‌ನ ವಾಸನೆಗೂ ಹೋಲಿಕೆಯೇ ಇಲ್ಲ. ಈ ವಾಸನೆಗೆ ಕಾರಣ ಗಂಧಕ ಇರುವ ಸಂಯುಕ್ತಗಳು. ಈರುಳ್ಳಿ, ಬೆಳ್ಳುಳ್ಳಿಯ ಘಾಟಿಗೂ ಅದೇ ಗಂಧಕವೇ ಕಾರಣ. 2017ರಲ್ಲಿ ಸಿಂಗಪುರದ ವಿಜ್ಞಾನಿಗಳು ಮುಸಾಂಗ್ ಕಿಂಗ್‌ನ ಪೂರ್ತಿ ಜೀನೋಮ್, ಅಂದರೆ ಅದರ ಎಲ್ಲ ಜೀನ್‌ಗಳ ಸರಣಿ, ಓದಿದರು. ಗಂಧಕದ ಆವಿ ಹುಟ್ಟಿಸುವ ಕಿಣ್ವದ ಜೀನ್ ಈ ಗಿಡದಲ್ಲಿ ಒಂದಲ್ಲ, ಹಲವು ಪ್ರತಿ ಇದೆ, ಹಣ್ಣಾಗುವಾಗ ಅವು ಜೋರಾಗಿ ಕೆಲಸ ಮಾಡುತ್ತವೆ ಅಂತ ಗೊತ್ತಾಯಿತು. 2020ರಲ್ಲಿ ಜರ್ಮನಿಯ ಮ್ಯೂನಿಕ್‌ನ ಸಂಶೋಧಕರು ಎಥಿಯೊನಿನ್ ಅನ್ನುವ ಅಪರೂಪದ ಅಮೈನೋ ಆಮ್ಲ ಈ ತಿರುಳಿನಲ್ಲಿದೆ, ಹಣ್ಣು ಮಾಗುವಾಗ ಅದು ಒಡೆದು ಡುರಿಯನ್‌ನ ಆ ವಿಶಿಷ್ಟ ವಾಸನೆ ಬಿಡುತ್ತದೆ ಅಂತ ತೋರಿಸಿದರು. ಅಂದರೆ ಹಣ್ಣು ಹೆಚ್ಚು ಮಾಗಿದಷ್ಟೂ ವಾಸನೆ ಹೆಚ್ಚು. ಇಲ್ಲೂ ಗಡಿಯಾರದ ಲೆಕ್ಕವೇ.

ಅಂದಹಾಗೆ, ಮುಳ್ಳು ನೋಡಿ ಇದು ಹಲಸಿನ ಅಣ್ಣನೋ ತಮ್ಮನೋ ಅಂದುಕೊಳ್ಳುವವರು ಬಹಳ. ಸಂಬಂಧವೇ ಇಲ್ಲ. ಹಲಸು ಅತ್ತಿ, ಆಲದ ಕಡೆಯದು. ಡುರಿಯನ್ ಬೂರುಗ, ದಾಸವಾಳ, ಬೆಂಡೆಕಾಯಿಯ ಬಳಗ. ಕೊಕ್ಕೊ ಕೂಡ ಇದೇ ಕುಟುಂಬದ್ದೇ. ಹೂವು ಅರಳುವುದು ಸಂಜೆ, ಪರಾಗಸ್ಪರ್ಶ ಮಾಡುವುದು ಮುಖ್ಯವಾಗಿ ಮಕರಂದ ಕುಡಿಯುವ ಬಾವಲಿಗಳು, ಜೊತೆಗೆ ಹೆಜ್ಜೇನು. ಸುಣ್ಣಕಲ್ಲಿನ ಗುಹೆಗಳಲ್ಲಿ ಇರುವ ಈ ಬಾವಲಿ ರಾತ್ರಿ ಮೈಲಿಗಟ್ಟಲೆ ಹಾರಿ ತೋಟಕ್ಕೆ ಬರುತ್ತದೆ. ಹೂವು ತಿಂದು ಹಾಳು ಮಾಡುತ್ತೆ ಅಂತ ಅದನ್ನು ಓಡಿಸುವ ತೋಟಗಾರರೂ ಇದ್ದಾರೆ. ಕೊನೆಗೆ ನಷ್ಟ ಅವರದೇ.

ಈಗ ತಳಿ. ಮಲೇಷ್ಯಾದ ಕೃಷಿ ಇಲಾಖೆ ಒಳ್ಳೆಯ ತಳಿಗಳಿಗೆಲ್ಲ ಡಿ ಅಕ್ಷರದ ನಂಬರ್ ಕೊಡುತ್ತದೆ. ಮುಸಾಂಗ್ ಕಿಂಗ್ ಅಂದರೆ ಡಿ197, 1993ರಲ್ಲಿ ನೋಂದಣಿಯಾದದ್ದು. ಮೂಲ ಕೆಲಂತಾನ್ ರಾಜ್ಯ. ಇವತ್ತು ದೊಡ್ಡ ಪ್ರಮಾಣದಲ್ಲಿ ಬೆಳೆಯುವುದು ಪಹಾಂಗ್ ರಾಜ್ಯದ ರಾವುಬ್, ಬೆಂತೋಂಗ್ ಸುತ್ತ. ಕಡು ಹಳದಿ ತಿರುಳು, ಸಣ್ಣ ಬೀಜ, ಸಿಹಿ ಕಹಿ ಎರಡೂ ಗಟ್ಟಿ. ಒಳ್ಳೆಯ ಹಣ್ಣೇ, ಸುಮ್ನೆ ಹೆಸರು ಬಂದಿಲ್ಲ. ಆದರೆ ಈ ಮಟ್ಟದ ಹುಚ್ಚು ಬಂದದ್ದು ಚೀನಾದ ಮಾರುಕಟ್ಟೆಯಿಂದ. 2019ರಲ್ಲಿ ಇಡೀ ಹಣ್ಣನ್ನು ಫ್ರೀಜ್ ಮಾಡಿ ಚೀನಾಕ್ಕೆ ಕಳಿಸೋಕೆ ಅನುಮತಿ ಸಿಕ್ಕಿತು, 2024ರಲ್ಲಿ ತಾಜಾ ಹಣ್ಣಿಗೂ ಸಿಕ್ಕಿತು. ಗುಡ್ಡ ಗುಡ್ಡವನ್ನೇ ಬೋಳಿಸಿ ಇದೊಂದೇ ತಳಿ ಹಾಕಿದವರಿದ್ದಾರೆ. ನನಗೆ ಅದು ಅಷ್ಟೊಂದು ಹಿಡಿಸದ ಬೆಳವಣಿಗೆ.

ನೀವು ಹೋಗುತ್ತಿರುವುದು ಪೆನಾಂಗ್‌ಗೆ. ಹಾಗಾಗಿ ಅಲ್ಲಿನ ಮಣ್ಣಿನ ಹಣ್ಣು ತಿನ್ನಿ. ಆಂಗ್ ಹೇ ಅಂತ ಕರೆಯುವ ಡಿ175 ಪೆನಾಂಗ್‌ನದೇ ತಳಿ. ಮಲಯ್‌ನಲ್ಲಿ ಊಡಾಂಗ್ ಮೇರಾಹ್, ಬೋರ್ಡ್‌ಗಳಲ್ಲಿ ರೆಡ್ ಪ್ರಾನ್. ಹೆಸರಲ್ಲಿ ಸಿಗಡಿ ಇದೆ ಅಂತ ತಾಯಿಯವರು ಗಾಬರಿಯಾಗುವುದು ಬೇಡ, ತಿರುಳು ಕೆಂಪು ಕೇಸರಿ ಬಣ್ಣ ಇರುವುದಕ್ಕೆ ಆ ಹೆಸರು. ಸಿಹಿ ಜಾಸ್ತಿ, ಕಹಿ ಕಮ್ಮಿ. ಮೊದಲ ಸಲ ತಿನ್ನುವವರಿಗೆ, ಮಕ್ಕಳಿಗೆ ಇದೇ ಸರಿ. ಹೋರ್ ಲೋರ್ ಕೂಡ ಅಲ್ಲಿಯದೇ. ಅದರ ತಿರುಳು ಸ್ವಲ್ಪ ಒಣ, ಅಂಟು. ಬ್ಲ್ಯಾಕ್ ಥಾರ್ನ್ ಅಂದರೆ ಡಿ200, ಪೆನಾಂಗ್ ರಾಜ್ಯದ ಮುಖ್ಯಭೂಮಿಯ ಕಡೆಯದು, 2015ರಲ್ಲಿ ನೋಂದಣಿಯಾಯಿತು. ಈಗ ಮುಸಾಂಗ್ ಕಿಂಗ್‌ಗೆ ಸರಿಸಾಟಿಯಾಗಿ ರೇಟು ಎಳೆಯುತ್ತಿದೆ.

ಇವೆಲ್ಲ ಕಸಿ ತಳಿ. ಕಂಪುಂಗ್ ಡುರಿಯನ್ ಅಂತ ಬರೆದಿದ್ದರೆ ಅದು ಬೀಜದಿಂದ ಹುಟ್ಟಿದ ನಾಟಿ ಮರದ್ದು. ಒಂದೊಂದು ಮರದ್ದೂ ಒಂದೊಂದು ರುಚಿ. ತಿರುಳು ತೆಳು, ಬೀಜ ದೊಡ್ಡದು, ಬೆಲೆ ಎಷ್ಟೋ ಕಮ್ಮಿ. ಬಕ್ಕೆ ಹಲಸು ಸಿಗದಿದ್ದರೆ ತಿನ್ನುವುದೇ ಇಲ್ಲ ಅನ್ನುವ ಜಾತಿಯವರು ನೀವಲ್ಲದಿದ್ದರೆ ಇದರಿಂದಲೇ ಶುರು ಮಾಡಿ. ನಾಲ್ಕು ಜನಕ್ಕೆ ಎರಡು ಹಣ್ಣು ಸಾಕು. ಒಂದು ಸಿಹಿಯದು, ಒಂದು ಕಹಿ ಇರುವುದು. ಸಿಹಿ ಮೊದಲು, ಕಹಿ ಆಮೇಲೆ. ಉಲ್ಟಾ ಮಾಡಿದರೆ ಎರಡನೆಯದು ಸಪ್ಪೆ ಅನಿಸುತ್ತದೆ. ‘ಮಾನಿಸ್’ ಅಂದರೆ ಸಿಹಿ, ‘ಪಾಹಿತ್’ ಅಂದರೆ ಕಹಿ. ಅಲ್ಲಿ ತಮಿಳು ಮಾತಾಡುವವರು ಬೇಕಾದಷ್ಟು ಸಿಗುತ್ತಾರೆ, ನಿಮಗೆ ನಾಲ್ಕು ಮಾತು ತಮಿಳು ಬಂದರೂ ಕೆಲಸ ನಡೆಯುತ್ತದೆ.

ದುಡ್ಡಿನ ವಿಷಯದಲ್ಲಿ ಎರಡು ಪದ್ಧತಿ ಇದೆ. ಕೆಲವು ಕಡೆ ತಲೆಗಿಷ್ಟು ಅಂತ ಕೊಟ್ಟು ಹೊಟ್ಟೆ ತುಂಬ ತಿನ್ನುವುದು. ಕೆಲವು ಕಡೆ ಕೆ.ಜಿ. ಲೆಕ್ಕ. ನಿಮ್ಮಂಥ ಮನೆಗೆ ಕೆ.ಜಿ. ಲೆಕ್ಕವೇ ಒಳ್ಳೆಯದು. ತಾಯಿಯವರು ಎರಡು ತೊಳೆ ತಿನ್ನುವುದಕ್ಕೆ ಪೂರ್ತಿ ತಲೆಯ ದುಡ್ಡು ಯಾಕೆ ಕೊಡಬೇಕು? ಆದರೆ ತೂಕ ಹಾಕುವುದು ಸಿಪ್ಪೆ ಸಮೇತ. ತಿನ್ನುವ ಭಾಗ ಸುಮಾರು ಕಾಲು ಪಾಲು ಅಂತಿಟ್ಟುಕೊಳ್ಳಿ. ಎರಡು ಕೆ.ಜಿ. ಹಣ್ಣಿನಲ್ಲಿ ಅರ್ಧ ಕೆ.ಜಿ. ತಿರುಳು. ಬೆಲೆ ದಿನ ದಿನಕ್ಕೆ ಏರಿಳಿಯುತ್ತದೆ, ಹಣ್ಣು ಜಾಸ್ತಿ ಬಿದ್ದ ವಾರ ಅಗ್ಗ. ತೂಕ ಹಾಕುವ ಮೊದಲೇ ಕೆ.ಜಿ.ಗೆ ಎಷ್ಟು ಅಂತ ಬಾಯಿಬಿಟ್ಟು ಕೇಳಿ. ಎಲ್ಲವನ್ನೂ ನಿಮ್ಮ ಕಣ್ಣೆದುರಿಗೇ ಬಿಡಿಸಲಿ. ತಿನ್ನುವ ಮೊದಲು ನೋಡಿ, ಒಳಗೆ ಕೊಳೆತಿದ್ದರೆ ಅಥವಾ ಹುಳ ಇದ್ದರೆ ಬದಲಾಯಿಸಿ ಕೊಡುವುದು ಅಲ್ಲಿಯ ವಾಡಿಕೆ.

ನೀವೇ ಆರಿಸುವುದಾದರೆ ಮೊದಲು ತೊಟ್ಟು ನೋಡಿ. ಹಸಿಯಾಗಿದ್ದರೆ ತಾಜಾ, ಒಣಗಿ ಕುಗ್ಗಿದ್ದರೆ ಹಳೆಯದು. ತೊಟ್ಟನ್ನೇ ಕತ್ತರಿಸಿ ಎಸೆದಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿ, ಬೀಜ ಸ್ವಲ್ಪ ಅಲುಗಿದ ಸದ್ದು ಬರಬೇಕು. ಮುಳ್ಳುಗಳ ಬುಡದಲ್ಲಿ ಸಣ್ಣ ತೂತು, ಪುಡಿ ಇದ್ದರೆ ಹುಳ ಹೊಕ್ಕಿದೆ. ಸಸ್ಯಾಹಾರಿಗಳು ಇದನ್ನು ಸ್ವಲ್ಪ ಜಾಸ್ತಿಯೇ ಗಮನಿಸಬೇಕು! ಮುಸಾಂಗ್ ಕಿಂಗ್ ಅಂತ ಹೇಳಿ ಬೇರೆ ಏನೋ ದಾಟಿಸುವುದೂ ಇದೆ. ಅಸಲಿಗೆ ತಳದಲ್ಲಿ ನಕ್ಷತ್ರದ ಹಾಗೆ ಕಂದು ಗೆರೆ ಎದ್ದು ಕಾಣುತ್ತದೆ. ಬ್ಲ್ಯಾಕ್ ಥಾರ್ನ್‌ನ ತಳದಲ್ಲಿ ಹೂವಿನ ಒಣಗಿದ ಕಡ್ಡಿ ಕರ್ರಗೆ ಉಳಿದಿರುತ್ತದೆ, ಅದೇ ಗುರುತು.

ತಾಯಿಯವರ ವಿಷಯಕ್ಕೆ ಬರೋಣ. ನೂರು ಗ್ರಾಂ ತಿರುಳಿನಲ್ಲಿ ಸುಮಾರು 147 ಕ್ಯಾಲೊರಿ, 27 ಗ್ರಾಂ ಕಾರ್ಬೋಹೈಡ್ರೇಟ್, 5 ಗ್ರಾಂ ಕೊಬ್ಬು. ಹಣ್ಣಿಗೆ ಇಷ್ಟು ಕೊಬ್ಬು ಅಪರೂಪ. ಆ ಕೊಬ್ಬಿನಿಂದಾಗಿಯೋ ಏನೋ ಸಕ್ಕರೆ ರಕ್ತಕ್ಕೆ ಸೇರುವ ವೇಗ ಅಷ್ಟು ಹೆಚ್ಚಿಲ್ಲ. ಮಲೇಷ್ಯಾದಲ್ಲಿ ಪಪ್ಪಾಯ, ಅನಾನಸ್ ಜೊತೆ ಹೋಲಿಸಿ ನೋಡಿದಾಗ ಡುರಿಯನ್‌ನ ಗ್ಲೈಸೆಮಿಕ್ ಇಂಡೆಕ್ಸ್, ಅಂದರೆ ಆ ವೇಗದ ಅಳತೆ, ಅವೆರಡಕ್ಕಿಂತ ಕಮ್ಮಿ ಬಂದಿತ್ತು. ಆದರೆ ಇದನ್ನು ಓದಿ ಧೈರ್ಯ ಮಾಡಬೇಡಿ. ಪ್ರಶ್ನೆ ವೇಗದ್ದಲ್ಲ, ಪ್ರಮಾಣದ್ದು. ಈ ಹಣ್ಣನ್ನು ಯಾರೂ ಐವತ್ತು ಗ್ರಾಂ ತಿಂದು ಕೈ ತೊಳೆಯುವುದಿಲ್ಲ. ತಾಯಿಗೆ ಒಂದು ದೊಡ್ಡ ತೊಳೆ, ಅಥವಾ ಎರಡು ಚಿಕ್ಕದು, ಅಷ್ಟಕ್ಕೇ ನಿಲ್ಲಿಸಿ. ಆ ಹೊತ್ತಿನ ಊಟದಲ್ಲಿ ಅನ್ನ ಕಮ್ಮಿ ಮಾಡಲಿ.

ಬಿಪಿಗಿಂತಲೂ ಬಿಪಿ ಮಾತ್ರೆ ಯಾವುದು ಅನ್ನೋದು ಮುಖ್ಯ. ಡುರಿಯನ್‌ನಲ್ಲಿ ಪೊಟ್ಯಾಸಿಯಂ ಜಾಸ್ತಿ, ನೂರು ಗ್ರಾಂಗೆ 430 ಮಿಲಿಗ್ರಾಂ ಆಸುಪಾಸು. ಕೆಲವು ಬಿಪಿ ಮಾತ್ರೆಗಳು ದೇಹದಲ್ಲಿ ಪೊಟ್ಯಾಸಿಯಂ ಹಿಡಿದಿಡುತ್ತವೆ. ಶುಗರ್ ಹಳೆಯದಾಗಿದ್ದು ಕಿಡ್ನಿ ಸ್ವಲ್ಪ ಸೋತಿದ್ದರಂತೂ ಇದು ಸಣ್ಣ ವಿಷಯ ಅಲ್ಲ. ಹೊರಡುವ ಮೊದಲು ಅವರ ಡಾಕ್ಟರಿಗೆ ಮಾತ್ರೆ ಚೀಟಿ ತೋರಿಸಿ, ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ರಿಪೋರ್ಟ್ ಇದ್ದರೆ ಅದನ್ನೂ ತೋರಿಸಿ, ನೇರವಾಗಿ ಕೇಳಿ. ಬೇಡ ಅಂದರೆ ಬೇಡ. ಮ್ಯಾಂಗೋಸ್ಟೀನ್ ತಿನ್ನಲಿ, ಅದೂ ಅದೇ ಸೀಸನ್ನಿನ ಹಣ್ಣು.

ಅಲ್ಲಿಯವರು ಡುರಿಯನ್ ಉಷ್ಣ, ಮ್ಯಾಂಗೋಸ್ಟೀನ್ ತಂಪು ಅಂತ ಎರಡನ್ನೂ ಜೊತೆಗೇ ತಿನ್ನುತ್ತಾರೆ. ನಮಗೆ ಹೊಸ ಮಾತೇನಲ್ಲ. ತಿಂದ ಮೇಲೆ ಡುರಿಯನ್ ಸಿಪ್ಪೆಯ ಒಳಭಾಗದಲ್ಲಿ ನೀರು ಹಾಕಿ, ಚಿಟಿಕೆ ಉಪ್ಪು ಬೆರೆಸಿ ಕುಡಿಯುವ ಪದ್ಧತಿಯೂ ಇದೆ. ಅದರಿಂದ ಉಷ್ಣ ಇಳಿಯುತ್ತೋ ಇಲ್ಲವೋ, ಇಷ್ಟು ಜಿಡ್ಡು ಸಿಹಿ ತಿಂದ ಮೇಲೆ ನೀರಂತೂ ಬೇಕೇ ಬೇಕು. ಮದ್ಯದ ವಿಷಯ ಮಾತ್ರ ಬರೀ ನಂಬಿಕೆ ಅಲ್ಲ. 2009ರಲ್ಲಿ ಜಪಾನಿನ ತ್ಸುಕುಬಾ ವಿಶ್ವವಿದ್ಯಾಲಯದವರು ಪ್ರಯೋಗಾಲಯದಲ್ಲಿ ನೋಡಿದಾಗ, ಮದ್ಯವನ್ನು ದೇಹ ಅರಗಿಸಿಕೊಳ್ಳೋಕೆ ಬೇಕಾದ ಒಂದು ಕಿಣ್ವದ ಕೆಲಸವನ್ನು ಡುರಿಯನ್ ರಸ ಶೇ 70ರವರೆಗೆ ತಡೆದಿತ್ತು. ಟೆಸ್ಟ್ ಟ್ಯೂಬಿನ ಮಾತಾದರೂ ಆ ದಿನ ಬಿಯರ್ ಬಿಡುವುದು ಜಾಣತನ.

ತೋಟದಲ್ಲೇ ತಿಂದು ಮುಗಿಸಿ, ಕಟ್ಟಿಸಿಕೊಂಡು ಹೊರಡಬೇಡಿ. ಹೋಟೆಲ್‌ಗಳಲ್ಲಿ ಬಾಗಿಲಲ್ಲೇ ಡುರಿಯನ್‌ಗೆ ಅಡ್ಡಗೆರೆ ಹಾಕಿದ ಬೋರ್ಡ್ ಇರುತ್ತದೆ, ರೂಮಿನಲ್ಲಿ ವಾಸನೆ ಬಂದರೆ ದಂಡ ಹಾಕುವವರಿದ್ದಾರೆ. ಟ್ಯಾಕ್ಸಿಯವರು ಹತ್ತಿಸಿಕೊಳ್ಳಲ್ಲ. ವಿಮಾನದ ಕ್ಯಾಬಿನ್‌ನಲ್ಲೂ ಬಿಡಲ್ಲ. ಮನೆಗೆ ತರಬೇಕೆಂದರೆ ತೇವ ಪೂರ್ತಿ ತೆಗೆದು ಗರಿಗರಿ ಮಾಡಿದ ಪ್ಯಾಕೆಟ್ ಸಿಗುತ್ತದೆ, ಸೀಲ್ ಆಗಿರುತ್ತದೆ, ಅದು ಸುಲಭ. ಕೈಯ ವಾಸನೆಗೆ ಅಲ್ಲಿಯವರ ಉಪಾಯ ಅಂದರೆ ಖಾಲಿ ಸಿಪ್ಪೆಯೊಳಗಿಂದ ನೀರು ಹರಿಸಿ ಕೈ ತೊಳೆಯುವುದು. ಮಗನಿಗೆ ಅದೊಂದು ಆಟವಾಗುತ್ತದೆ.

ಕೊನೆಗೆ ಬೀಜ. ತರಬೇಡಿ. ಕಾರಣ ಮೂರು. ಹೊರದೇಶದಿಂದ ಬೀಜ, ಸಸಿ ತರೋಕೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಪರ್ಮಿಟ್ ಮತ್ತು ರೋಗವಿಲ್ಲ ಅನ್ನುವ ಸರ್ಟಿಫಿಕೇಟ್ ಬೇಕು. ಅದಿಲ್ಲದೆ ಬ್ಯಾಗಿನಲ್ಲಿ ಹಾಕಿಕೊಂಡು ಬರುವುದು ಕಾನೂನಿಗೆ ವಿರುದ್ಧ. ಎರಡನೆಯದು, ಡುರಿಯನ್ ಬೀಜ ಒಣಗಿದರೆ ಸತ್ತಿತು, ಹಲಸಿನ ಬೀಜದ ಹಾಗೆಯೇ. ಮೂರನೆಯದು, ಮುಸಾಂಗ್ ಕಿಂಗ್ ಬೀಜ ಹಾಕಿದರೆ ಮುಸಾಂಗ್ ಕಿಂಗ್ ಬರಲ್ಲ. ಹೆಚ್ಚಿನ ತಳಿಗಳಿಗೆ ತಮ್ಮದೇ ಪರಾಗ ಕೂಡುವುದಿಲ್ಲ, ಬೇರೆ ತಳಿಯದು ಬೇಕು. ಹಾಗಾಗಿ ಬೀಜದಲ್ಲಿರುವ ಅಪ್ಪ ಯಾರೋ, ಹಣ್ಣು ಹೇಗೋ. ಅದನ್ನು ತಿಳಿಯೋಕೆ ಎಂಟು ಹತ್ತು ವರ್ಷ ಕಾಯಬೇಕು.

ಬೆಳೆಯುವ ಆಸೆ ಇದ್ದರೆ ಕೇರಳದ ನರ್ಸರಿಗಳಲ್ಲಿ ಕಸಿ ಗಿಡ ಸಿಗುತ್ತದೆ. ಒಂದೇ ತಳಿಯ ನಾಲ್ಕು ಹಾಕುವ ಬದಲು ಎರಡು ಮೂರು ತಳಿ ಬೆರೆಸಿ ಹಾಕಿ. ಸಕಲೇಶಪುರದಲ್ಲಿ ಎರಡು ತೊಂದರೆ ಇದೆ. ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ಕಾಲ ಈ ಗಿಡಕ್ಕೆ ತೀರಾ ಉದ್ದ, ನೀರು ಕೊಡಲೇಬೇಕು. ಮಳೆಗಾಲದಲ್ಲಿ ಬುಡದಲ್ಲಿ ನೀರು ನಿಂತರೆ ಫೈಟೊಫ್ತೊರಾ ಅನ್ನುವ ಬೂಷ್ಟಿನಂಥ ರೋಗಾಣು ಬಂದು ಕಾಂಡ ಕೊಳೆಯುತ್ತದೆ. ಅಡಿಕೆಗೆ ಕೊಳೆರೋಗ ತರುವುದೂ ಇದೇ ಕುಲದ್ದು, ನಿಮ್ಮ ಕಡೆಯವರಿಗೆ ಪರಿಚಯ ಹೊಸದಲ್ಲ. ಅದಕ್ಕೇ ಇಳಿಜಾರಿನಲ್ಲಿ, ದಿಬ್ಬ ಮಾಡಿ, ಗಾಳಿ ಜೋರಾಗಿ ಬಡಿಯದ ಕಡೆ ನೆಡಿ. ಎತ್ತರದ ಜಾಗವಾದರೆ ಚಳಿಗೆ ಬೆಳವಣಿಗೆ ನಿಧಾನ. ಮೊದಲು ಎರಡು ಗಿಡ ಹಾಕಿ ನೋಡಿ, ಕಾಫಿ ಕಿತ್ತು ಹಾಕುವ ಯೋಚನೆ ಮಾತ್ರ ಬೇಡವೇ ಬೇಡ.

ಪೆನಾಂಗ್‌ನಲ್ಲಿ ಮನೆಯವರಿಗೆಲ್ಲ ರುಚಿ ಹತ್ತಿದರೆ ಪ್ರತಿ ವರ್ಷ ವಿಮಾನ ಹತ್ತಬೇಕಾಗಿಲ್ಲ. ನೀಲಗಿರಿಯಲ್ಲಿ ಮೆಟ್ಟುಪಾಳ್ಯಂನಿಂದ ಕೂನೂರಿಗೆ ಹೋಗುವ ಘಾಟಿ ರಸ್ತೆಯ ಬುರ್ಲಿಯಾರ್‌ನಲ್ಲಿ ತಮಿಳುನಾಡು ತೋಟಗಾರಿಕೆ ಇಲಾಖೆಯ ಹಳೆಯ ಹಣ್ಣಿನ ತೋಟ ಇದೆ. ಮ್ಯಾಂಗೋಸ್ಟೀನ್ ಜೊತೆ ಡುರಿಯನ್ ಮರಗಳೂ ಇವೆ, ಮಳೆಗಾಲದಲ್ಲಿ ಹಣ್ಣು ಬರುತ್ತದೆ. ಮಕ್ಕಳಾಗದವರಿಗೆ ಈ ಹಣ್ಣು ಒಳ್ಳೆಯದು ಅನ್ನುವ ನಂಬಿಕೆ ಆ ಕಡೆ ಬಲವಾಗಿದೆ. ಅದಕ್ಕೆ ಆಧಾರ ಇಲ್ಲ, ಆದರೆ ಬೇಡಿಕೆ ಮಾತ್ರ ವಿಪರೀತ. ಹಾಗಾಗಿ ಹೊರಡುವ ಮೊದಲು ಫೋನ್ ಮಾಡಿ ಹಣ್ಣು ಉಳಿದಿದೆಯಾ ಅಂತ ಕೇಳಿಕೊಂಡೇ ಹೋಗಿ.